ಬಗ್ಗದ ತೋಳು

ಗುಂಡ್ಲುಪೇಟೆ
14-7-2004, ಬುಧವಾರ

ಪ್ರೀತಿಯ ರಂಜಿನಿ,

ಕೆಮ್ಮು ಕಡಿಮೆಯಾಯಿತೆ? ಹಾಸ್ಟೆಲಿನಲ್ಲಿ ನೀರು ಕಾಯಿಸಿಯೇ ಕುಡಿ. ಅವ್ವನ ಮಂಡಿನೋವು ಪರವಾಗಿಲ್ಲ. ನೀನು ಟೀಚರ್ ಟ್ರೈನಿಂಗಿಗೆ ಹೋದಮೇಲೆ ಮಸೊಪ್ಪು ತಾನೇ ಮಾಡಿ, ರುಚಿಯಿಲ್ಲವೆಂದು ತಾನೇ ಬೈದುಕೊಳ್ಳುತ್ತಾಳೆ. ಡಿಪೋದಲ್ಲಿ ಈ ವಾರ ನಾನೊಬ್ಬನೇ ಮೂರು ಬಸ್ಸುಗಳ ಬ್ರೇಕು ಬಿಚ್ಚಿ ರಿಪೇರಿ ಮಾಡಿದೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ವಾರ್ಡನ್ ಪಕ್ಕದಲ್ಲೇ ಕೂತಿರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ತಿಂಗಳು ಊರಿಗೆ ಬಂದಾಗ ಅಡುಗೆಮನೆಯಲ್ಲಿ ತೋಳು ಚಾಚಿ, ಬಗ್ಗಿಸಿ ನೋಡಿ ಎಂದೆಯಲ್ಲ, ಅಂದಿನಿಂದ ನನಗೆ ಸಮಾಧಾನವಿಲ್ಲ. ತುಕ್ಕು ಹಿಡಿದ ನಟ್ಟು ಬಿಚ್ಚುವ ಕೈ ನನ್ನದು. ಎರಡೂ ಕೈ ಹಾಕಿದರೂ ನಿನ್ನ ಮೊಳಕೈ ಬಗ್ಗಲಿಲ್ಲ. ನೀನೋ ಬಲವನ್ನೇ ಹಾಕಿರಲಿಲ್ಲ. "ಮನ್ಸನ್ನ ಬೆರಳ ತುದಿಯಿಂದಾಚ್ಗೆ ಬುಟ್ಬುಡಬೇಕು ಕಣಿ, ಮೈ ತಾನಾಗೇ ಅದ್ರ ಜೊತೆಗೋಯ್ತದೆ" ಎಂದೆ. ಅವ್ವ ನಕ್ಕಳು, ನಾನೂ ನಕ್ಕೆ. ಆದರೆ ಐಕಿಡೊ ಎಂಬ ಆ ಜಪಾನಿ ಆತ್ಮರಕ್ಷಣೆಯ ವಿದ್ಯೆಗಾಗಿ ಪ್ರತಿ ಭಾನುವಾರ ಯಾರು ಯಾರು ನಿನ್ನ ಕೈ ಹಿಡಿಯುತ್ತಾರೋ ಎಂಬ ಯೋಚನೆ ಅಂದೇ ತಲೆಗೆ ಹೊಕ್ಕಿತು.

ಮೊನ್ನೆ ಭಾನುವಾರ ನಿನಗೆ ಹೇಳದೆ ಚಾಮರಾಜನಗರಕ್ಕೆ ಬಂದಿದ್ದೆ. ನಿಮ್ಮ ಕ್ಲಾಸಿನ ಕಿಟಕಿಯ ಹೊರಗೆ ನಿಂತು ನೋಡಿದೆ. ನಿಮ್ಮ ಮೇಷ್ಟ್ರು "ಕನಕರಾಜು" ಎಂದು ಕೂಗಿದಾಗ ಎತ್ತರದ ಗಂಡಸೊಬ್ಬ ಮುಂದೆ ಬಂದು ನಿನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದ. ನೀನು ಕೊಸರಿಕೊಳ್ಳಲಿಲ್ಲ, ಎಳೆಯಲಿಲ್ಲ. ಅವನ ಪಕ್ಕಕ್ಕೆ ಹೆಜ್ಜೆಯಿಟ್ಟು ಮೆಲ್ಲಗೆ ತಿರುಗಿದೆ, ಅಷ್ಟೆ. ಅವನು ಚಾಪೆಯ ಮೇಲೆ ಉರುಳಿದ. ಎದ್ದು ನಕ್ಕ. ನೀನೂ ನಕ್ಕೆ, ತಲೆ ಹಿಂದಕ್ಕೆ ಚೆಲ್ಲಿ, ಬಾಯಿಗೆ ಕೈ ಅಡ್ಡ ಹಿಡಿಯದೆ. ಮದುವೆಯಾದ ಈ ನಾಲ್ಕು ವರ್ಷದಲ್ಲಿ ನಮ್ಮ ಮನೆಯಲ್ಲಿ ನೀನು ಹಾಗೆ ನಕ್ಕದ್ದನ್ನು ನಾನು ಕಂಡಿಲ್ಲ. ಅವನು ಕೈ ಹಿಡಿದದ್ದಕ್ಕಿಂತ ಆ ನಗುವಿಗೇ ನನ್ನ ಹೊಟ್ಟೆ ಉರಿಯಿತು. ನನಗೆ ಗೊತ್ತಿಲ್ಲದ ರಂಜಿನಿಯನ್ನು ಅಲ್ಲಿದ್ದವರೆಲ್ಲ ಬಲ್ಲರು ಎನ್ನಿಸಿತು. ನಿನ್ನನ್ನು ಮಾತಾಡಿಸದೆಯೇ ಹೊರಟುಬಿಟ್ಟೆ. ವಾಪಸು ಬರುವ ಬಸ್ಸು ತೆರಕಣಾಂಬಿ ದಾಟಿದರೂ ಉರಿ ಆರಲಿಲ್ಲ.

ಅವ್ವ ಆಶೀರ್ವಾದ ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣು, ಪಾಠದ ಕಡೆ ಗಮನವಿರಲಿ.

ನಿನ್ನ
ಶಿವಮಲ್ಲು

ವಿ.ಸೂ.: ಅಂದು ಹೊರಡುವ ಮುಂಚೆ ನಿಮ್ಮ ಐಕಿಡೊ ಕ್ಲಾಸಿನ ಮೃತ್ಯುಂಜಯ ಮೇಷ್ಟ್ರನ್ನು ಗೇಟಿನಲ್ಲಿ ನಿಲ್ಲಿಸಿ, ನಾನು ರಂಜಿನಿಯ ಗಂಡ, ಅವಳಿಗೆ ಇನ್ನು ಬರಲು ಇಷ್ಟವಿಲ್ಲ, ನಿಮಗೆ ಹೇಳಲು ಸಂಕೋಚಪಡುತ್ತಾಳೆ ಎಂದು ಸುಳ್ಳು ಹೇಳಿದೆ. ಅವರು ನಂಬಿದರು. "ಅವಳಂಗೆ ಕಲಿಯೋರು ಕಮ್ಮಿ ಕಣಪ್ಪ" ಎಂದು ಹಾಜರಿ ಪುಸ್ತಕದಲ್ಲಿ ನಿನ್ನ ಹೆಸರು ಹೊಡೆದುಹಾಕಿದರು. ಈ ಭಾನುವಾರ ಮೊದಲ ಬಸ್ಸಿಗೆ ಬಂದು ಅವರಿಗೆ ನಿಜ ಹೇಳುತ್ತೇನೆ. ಆಮೇಲೆ ನೀನು ನನ್ನನ್ನು ಮಾತಾಡಿಸದಿದ್ದರೂ ಸರಿ, ಕ್ಲಾಸಿಗೆ ಮಾತ್ರ ಹೋಗು.