ಬಂತ್ ಮಗಾ, ಸಾಕ್

ಗಂಗೊಳ್ಳಿ, ಉಬ್ಬರಮನೆ ಕೇರಿ
೨೧೪೮ನೆಯ ಇಸವಿ, ಒಂಬತ್ತನೆಯ ಕಡಲತಿಂಗಳ ಇಪ್ಪತ್ತಾರು

ಮಸ್ಕತ್ತಿನಲ್ಲಿರುವ ಜಲಜಜ್ಜಿಯವರಿಗೆ ನಿಮ್ಮ ಮರಿಮಗಳ ಮೊಮ್ಮಗಳು ಸಿಂಗಾರಿ ಮಾಡುವ ನಮಸ್ಕಾರಗಳು. ಈ ಕಾಗದ ಮುಟ್ಟುವ ಹೊತ್ತಿಗೆ ನಿಮಗೆ ಮೂವತ್ತೆಂಟು, ನನಗಿಂತ ಎರಡೇ ವರ್ಷ ದೊಡ್ಡವರು. ಆದರೂ ಅಜ್ಜಿ ಎನ್ನದೆ ಬೇರೆ ದಾರಿಯಿಲ್ಲ, ಸಿಟ್ಟಾಗಬೇಡಿ. ಕಾಗದ ಕಾಲದಲ್ಲಿ ಹಿಂದಕ್ಕೆ ಹೇಗೆ ಬಂತೆಂದು ತಲೆಕೆಡಿಸಿಕೊಳ್ಳಲೂ ಬೇಡಿ. ನಮ್ಮಲ್ಲಿ ದುಡ್ಡು ಕಳಿಸುವುದಕ್ಕಿಂತ ಕಾಗದ ಕಳಿಸುವುದು ಅಗ್ಗ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಕಡಲತಿಂಗಳೆಂದರೆ ಇಪ್ಪತ್ತೆಂಟು ದಿನದ್ದು, ವರ್ಷಕ್ಕೆ ಹದಿಮೂರು. ಉಬ್ಬರಮನೆಯೆಂದರೆ ಅಳಿವೆಯ ಭರತ ಇಳಿತದಿಂದ ಕರೆಂಟು ತೆಗೆಯುವ ಜಾಗ. ನಾನು ಅಲ್ಲಿ ಬಾಗಿಲು ತೆರೆದು ಮುಚ್ಚುವ ಕೆಲಸದವಳು. ನೀವು ಆಸ್ಪತ್ರೆಯ ಬಟ್ಟೆ ಒಗೆದು ಊರಿಗೆ ದುಡ್ಡು ಕಳಿಸುತ್ತೀರಿ, ನಾನು ನೀರು ಕಾದು ಊರಿನಿಂದ ಆಚೆಗೆ ಕಳಿಸುತ್ತೇನೆ. ಕಾಲ ತಿರುಗಿದೆ, ಅಷ್ಟೇ.

ನಾನು ಕಳಿಸುವುದು ಮೊಂಬಾಸಾದಲ್ಲಿರುವ ನನ್ನ ಅಜ್ಜಿಯ ತಂಗಿ ಪ್ರತೀಕ್ಷಜ್ಜಿಗೆ. ಹೌದು, ನಿಮ್ಮ ಕಾಲದ ಹುಡುಗಿಯರ ಹೆಸರುಗಳೆಲ್ಲ ಈಗ ಅಜ್ಜಿಯರ ಪಾಲಾಗಿವೆ. ಕಡಲು ಕೇರಿಗೆ ನುಗ್ಗಿದ ವರ್ಷ, ಇಪ್ಪತ್ತೆರಡರ ಪ್ರಾಯದಲ್ಲಿ, ಇಲ್ಲಿಂದ ಹೊರಟವರು ಅವರು. ಈಗ ಎಂಬತ್ತನಾಲ್ಕು. ಗಂಡನ ಕಡೆಯ ತುಂಬು ಸಂಸಾರದ ನಡುವೆ ಸುಖವಾಗಿಯೇ ಇದ್ದಾರೆ, ಆದರೆ ಕಣ್ಣು ಮಂಜಾಗುತ್ತಿದೆ. ಇನ್ನೊಂದು ವರ್ಷ ಕಂಡರೆ ಹೆಚ್ಚು ಎಂದು ಅಲ್ಲಿನ ವೈದ್ಯೆ ಹೇಳಿದ್ದಾಳೆ. ಅಷ್ಟರೊಳಗೆ ಗಂಗೊಳ್ಳಿಯ ಅಳಿವೆಯನ್ನೊಮ್ಮೆ ಕಾಣಬೇಕು ಎಂಬುದೊಂದೇ ಅವರ ಆಸೆ. ಗಾಳಿಹಡಗು, ಅಂದರೆ ಎಣ್ಣೆಯಿಲ್ಲದೆ ಹಾಯಿಯಲ್ಲೇ ಬರುವ ದೊಡ್ಡ ಹಡಗು, ಅಲ್ಲಿಂದ ಇಲ್ಲಿಗೆ ವರ್ಷಕ್ಕೆರಡೇ ಸಲ ಹೊರಡುತ್ತದೆ. ಟಿಕೇಟು ನಲವತ್ತು ಸಾವಿರ ಶಿಲ್ಲಿಂಗು. ನಮ್ಮ ಒಂದು ರೂಪಾಯಿಗೆ ಎರಡು ಶಿಲ್ಲಿಂಗು. ಲೆಕ್ಕ ಸುಲಭ, ಇಪ್ಪತ್ತು ಸಾವಿರ ಕಳಿಸಿದೆ.

ಕಳಿಸಿದ್ದು ಸೊನ್ನೆದಾರಿಯಲ್ಲಿ. ಶುಲ್ಕ ಸೊನ್ನೆ ಎಂದು ಗೋಡೆಗೋಡೆಯಲ್ಲಿ ಬರೆದುಕೊಂಡವರ ದಾರಿ ಅದು. ಒತ್ತಿದರೆ ಎರಡು ನಿಮಿಷಕ್ಕೆ ಮುಟ್ಟುತ್ತದೆ. ಮೂರು ವರ್ಷ ನಾನು ಅದರಲ್ಲೇ ಕಳಿಸಿ ಜಾಣೆಯೆಂದು ಬೀಗಿದವಳು. ಪ್ರತಿ ಸಲವೂ ಬಂತಾ ಎಂದು ಕೇಳುತ್ತಿದ್ದೆ, ಅಜ್ಜಿ ಪ್ರತಿ ಸಲವೂ "ಬಂತ್ ಮಗಾ, ಸಾಕ್" ಎನ್ನುತ್ತಿದ್ದರು. ಆ ಸಲವೂ ಹಾಗೇ ಅಂದರು. ಹಡಗು ಬಂತು, ಅಜ್ಜಿ ಬರಲಿಲ್ಲ. ಮಂಡಿನೋವು ಎಂದು ಸುದ್ದಿ ಕಳಿಸಿದರು. ನನಗೆ ಕೆಟ್ಟ ಸಿಟ್ಟು ಬಂದು ನಾಲ್ಕು ದಿನ ಮಾತು ಬಿಟ್ಟೆ. ಐದನೆಯ ದಿನ ಹಡಗಿನ ಅಡುಗೆಯವನೊಬ್ಬ ಅಜ್ಜಿ ಕೊಟ್ಟ ಮೀನಿನ ಉಪ್ಪಿನಕಾಯಿಯ ಭರಣಿ ಹಿಡಿದು ಬಂದ. ನಮ್ಮ ಕಡೆಯವನೇ. "ಅಜ್ಜಿ ಟಿಕೇಟಿನ ಕಿಟಕಿ ತನ್ಕ ಬಂದಿದ್ರ್. ದುಡ್ಡ್ ಕಮ್ಮಿ ಆಯ್ತ್. ನಿಮ್ಗೆ ಹೇಳ್ಬೇಡ ಅಂದಿರ್" ಅಂದ. ಭರಣಿ ಕೈಯಲ್ಲಿ ಹಿಡಿದುಕೊಂಡೇ ಅತ್ತೆ.

ಶುಲ್ಕವೇನೋ ಸೊನ್ನೆ, ಆದರೆ ರೂಪಾಯಿಗೆ ಎರಡರ ಬದಲು ಒಂದು ಶಿಲ್ಲಿಂಗು ಎಂಬತ್ತಾರು ಕಾಸು ಲೆಕ್ಕ ಹಿಡಿಯುತ್ತಿದ್ದರು. ಎರಡು ಸಾವಿರದ ಎಂಟುನೂರು ಶಿಲ್ಲಿಂಗು ಅಲ್ಲೇ ಮಾಯ. ಸೊನ್ನೆದಾರಿಯವರನ್ನು ಬೈಯುವುದು ಸುಲಭ. ಆದರೆ ಅವರಷ್ಟೇ ದೊಡ್ಡ ಕಳ್ಳ ನಮ್ಮ ಮನೆಯ ದಾಕ್ಷಿಣ್ಯ. ನಮ್ಮವರು ಕೊಟ್ಟವರ ಎದುರು ಕಡಿಮೆ ಬಂತೆಂದು ಹೇಳುವವರಲ್ಲ.

ಆಮೇಲೆ ಹಟಕ್ಕೆ ಬಿದ್ದೆ. ಒಂದೇ ದಿನ ಮೂರು ದಾರಿಯಲ್ಲಿ ಸಾವಿರ ಸಾವಿರ ಕಳಿಸಿ, ಕೈಗೆ ಬಂದದ್ದೆಷ್ಟು ಎಂದು ಹೇಳಲೇಬೇಕೆಂದು ಅಜ್ಜಿಯ ಬೆನ್ನುಬಿದ್ದೆ. "ಕೊಟ್ಟದ್ದನ್ನ ಎಣ್ಸುಕಾತ್ತಾ ಮಗಾ" ಎಂದು ನೊಂದುಕೊಂಡರು. ಕೊನೆಗೆ ಅವರ ಸೊಸೆ ಎಣಿಸಿ ಹೇಳಿದಳು. ಬ್ಯಾಂಕಿನವರು ಎಷ್ಟೇ ಕಳಿಸಿದರೂ ಮುನ್ನೂರು ರೂಪಾಯಿ ಮುರಿದುಕೊಳ್ಳುತ್ತಾರೆ, ಆದರೆ ದರ ಪ್ರಾಮಾಣಿಕ. ಹಾಗಾಗಿ ಸಣ್ಣ ಮೊತ್ತಕ್ಕೆ ಸುಲಿಗೆ, ದೊಡ್ಡದಕ್ಕೆ ಪರವಾಗಿಲ್ಲ. ಮೂರನೆಯದು ಜೋಡಿಕೂಟ. ಎರಡೂ ಸರ್ಕಾರದ ಮುದ್ರೆಯಿರುವ ಸಂಘ ಅದು. ಇಲ್ಲಿಂದ ಅಲ್ಲಿಗೆ ಕಳಿಸುವವರನ್ನೂ ಅಲ್ಲಿಂದ ಇಲ್ಲಿಗೆ ಕಳಿಸುವವರನ್ನೂ ಜೋಡಿ ಮಾಡುತ್ತಾರೆ. ನನ್ನ ರೂಪಾಯಿ ಇಲ್ಲೇ ಯಾರಿಗೋ ಸಲ್ಲುತ್ತದೆ, ಅವರ ಕಡೆಯವರ ಶಿಲ್ಲಿಂಗು ಅಲ್ಲೇ ಅಜ್ಜಿಗೆ ಸಲ್ಲುತ್ತದೆ. ಸಾವಿರಕ್ಕೆ ಹತ್ತೇ ರೂಪಾಯಿ ಖರ್ಚು, ಆದರೆ ಒಂಬತ್ತು ದಿನ ಕಾಯಬೇಕು. ತಿಂಗಳ ಖರ್ಚಿಗೆ ಅದಕ್ಕಿಂತ ಒಳ್ಳೆಯದಿಲ್ಲ ಎಂದು ಅದಕ್ಕೇ ಸೇರಿಕೊಂಡೆ.

ಮೊದಲು ಕಳಿಸಿದ್ದು ಅಷ್ಟರಲ್ಲಿ ಅಜ್ಜಿಯ ಕಣ್ಣಿನ ಮದ್ದಿಗೆ ಕರಗಿತ್ತು. ಮತ್ತೆ ಟಿಕೇಟಿನಷ್ಟು ದುಡ್ಡು ಕೂಡುವಾಗ ಎರಡನೆಯ ಹಡಗಿನ ಕಿಟಕಿ ಮುಚ್ಚಲು ಆರೇ ದಿನ ಉಳಿದಿತ್ತು. ಜೋಡಿಕೂಟಕ್ಕೆ ಹೊತ್ತಿಲ್ಲ. ಬ್ಯಾಂಕಿಗೆ ಹೋಗಿ, ಅವರ ಮುನ್ನೂರನ್ನು ಮೇಲೆ ಸೇರಿಸಿ, ಇಪ್ಪತ್ತು ಸಾವಿರದ ಮುನ್ನೂರು ಕಟ್ಟಿದೆ. ಐದನೆಯ ದಿನ ಸಂಜೆ ಅಜ್ಜಿಯೇ ಮಾತಿಗೆ ಬಂದರು. ಸ್ವಲ್ಪ ಹೊತ್ತು ಇಲ್ಲಿನ ಮಳೆಯ ಬಗ್ಗೆ, ನನ್ನ ಕೆಮ್ಮಿನ ಬಗ್ಗೆ ಕೇಳಿದರು. ಆಮೇಲೆ, "ಮಗಾ, ಇನ್ನೂರ್ ಕಮ್ಮಿ ಬಂತ್ ಕಾಣ್" ಅಂದರು.

ಹಣ ಕೈಗೆ ಕೊಡುವಾಗ ಅಲ್ಲಿನ ಬ್ಯಾಂಕೂ ಇನ್ನೂರು ಶಿಲ್ಲಿಂಗು ಮುರಿದುಕೊಳ್ಳುತ್ತದೆಂದು ನನಗೆ ಗೊತ್ತಿರಲಿಲ್ಲ. ಪರೀಕ್ಷೆಯ ಸಾವಿರದಲ್ಲೂ ಮುರಿದಿದ್ದರಂತೆ, ಸೊಸೆಯ ಬಾಯಿ ಮುಚ್ಚಿಸಿ ಅಜ್ಜಿಯೇ ತುಂಬಿಕೊಟ್ಟಿದ್ದರಂತೆ. ಆದರೆ ಅಜ್ಜಿಯ ಬಾಯಿಂದಲೇ ಕಮ್ಮಿ ಬಂತೆಂಬ ಮಾತು ಕೇಳಿ ನನಗಾದ ಸಂತೋಷ ಇನ್ನೂರಕ್ಕೆ ಸಿಗುವಂಥದ್ದಲ್ಲ. ಕಿಟಕಿ ಮುಚ್ಚಲು ಒಂದೇ ದಿನ. ಬೈದಿದ್ದ ಸೊನ್ನೆದಾರಿಯಲ್ಲೇ ನೂರ ಎಂಟು ರೂಪಾಯಿ ಒತ್ತಿದೆ, ಎರಡು ನಿಮಿಷದಲ್ಲಿ ಮುಟ್ಟಿತು. ಹಾಳೂರಿಗೆ ಉಳಿದವನೇ ಗೌಡ ಎನ್ನುವಂತೆ, ಆ ಹೊತ್ತಿಗೆ ಅದೇ ಒಳ್ಳೆಯ ದಾರಿ.

ನಮ್ಮ ಮನೆಯ ದನಿಪೆಟ್ಟಿಗೆಯಲ್ಲಿ, ಹಿರಿಯರ ದನಿಗಳನ್ನು ಕಾದಿಡುವ ಪೆಟ್ಟಿಗೆಯಲ್ಲಿ, ನಿಮ್ಮ ಅಮ್ಮ ನಿಮ್ಮ ಫೋನಿಗೆ ಕಳಿಸಿದ ಒಂದು ಮಾತು ಉಳಿದಿದೆ. ನಾಲ್ಕೇ ಸೆಕೆಂಡು. "ಬಂತ್ ಮಗಾ, ಸಾಕ್." ನೂರ ಇಪ್ಪತ್ತೆರಡು ವರ್ಷದ ಹಿಂದಿನ ದನಿ, ಅದೇ ರಾಗ. ಆ ಸಲ ನೀವು ಕಳಿಸಿದ್ದರಲ್ಲಿ ಎಷ್ಟು ಕಡಿಮೆ ಬಿದ್ದಿತ್ತೋ, ಅವರು ಏನನ್ನು ಬಿಟ್ಟುಕೊಟ್ಟರೋ, ನಮಗ್ಯಾರಿಗೂ ಇನ್ನು ತಿಳಿಯುವುದಿಲ್ಲ. ನೀವೊಬ್ಬರು ಮಾತ್ರ ಕೇಳಬಲ್ಲಿರಿ. ಈ ತಿಂಗಳು ಕಳಿಸಿದ ಮೇಲೆ ಬಂತಾ ಎಂದು ಕೇಳಬೇಡಿ, ಕೈಗೆ ಎಷ್ಟು ಬಂತು ಎಂದು ಕೇಳಿ. ಹೇಳದಿದ್ದರೆ ಮತ್ತೆ ಕೇಳಿ. ಅವರು ನೊಂದುಕೊಳ್ಳಲಿ, ತೊಂದರೆಯಿಲ್ಲ.

ಪ್ರತೀಕ್ಷಜ್ಜಿಯ ಹಡಗು ನಾಡಿದ್ದು ಬೆಳಗ್ಗೆ ಅಳಿವೆಗೆ ಬರುತ್ತದೆ. ಭರತದ ಬಾಗಿಲು ತೆರೆಯುವ ಪಾಳಿ ನನ್ನದೇ. ಹಡಗಿನಿಂದ ನಿನ್ನೆ ದನಿ ಬಂದಿತ್ತು. ಮೀನುಸಾರಿಗೆ ಹುಳಿ ಕಮ್ಮಿ, ಹಾಸಿಗೆ ಗಿಡ್ಡ, ಕೊಟ್ಟ ದುಡ್ಡಿಗೆ ಇದು ಸಾಲದು ಎಂದು ಅಜ್ಜಿ ಒಂದೇ ಸಮ ದೂರಿದರು. ನಾನು ಮನೆಯವರನ್ನೆಲ್ಲ ಕರೆದು ಎರಡೆರಡು ಸಲ ಕೇಳಿಸಿದೆ.