ಆಯಿ ಕರೆದ ಹೆಸರು

ಕುಮುದಿನಿಬಾಯಿ,

ನೀವು ತೀರಿಕೊಂಡು ಮೂರು ವರ್ಷವಾಯಿತು. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಆದರೂ ನಿನ್ನೆಯ ಸುದ್ದಿಯನ್ನು ನಿಮಗೇ ಮೊದಲು ಹೇಳಬೇಕೆನಿಸಿದೆ.

ಸಾತಾರದ ನಮ್ಮ ಮನೆಯಲ್ಲಿ ನನ್ನ ಎರಡನೇ ಮಗಳ ನಾಮಕರಣವಿತ್ತು. ನನ್ನ ಹೆತ್ತ ಆಯಿ ಬಂದವರಿಗೆಲ್ಲ ಗುಗ್ಗರಿ ಹಂಚುತ್ತಿದ್ದಳು. ಅತ್ತೆಯ ಅಕ್ಕ ತೊಟ್ಟಿಲೊಳಗೆ ಬಗ್ಗಿ ನೋಡಿ, "ಇದೂ ಹೆಣ್ಣಾ? ಹಂಗಾದ್ರ ನಕುಶಾ ಅಂತ ಇಡ್ರಿ. ತಾಯಿ ಬಿಟ್ಟ ಹೆಸರು ಮಗಳಿಗರೆ ಬರ್ಲಿ!" ಎಂದು ನಕ್ಕರು.

ನಾಲ್ಕನೇ ಹೆಣ್ಣಾಗಿ ಹುಟ್ಟಿದ ನನಗೆ ಆಯಿಯೇ ಇಟ್ಟ ಹೆಸರದು, ಬೇಡವಾದವಳು ಎಂದರ್ಥ. ಐದನೇ ತರಗತಿಯಲ್ಲಿ ನೀವು ಹಾಜರಿ ಪುಸ್ತಕದಲ್ಲಿ ಅದನ್ನು ಹೊಡೆದುಹಾಕಿ, 'ಈಪ್ಸಿತಾ' ಎಂದು ಬರೆದಿರಿ. "ಸಂಸ್ಕೃತದ ಹೆಸರವ್ವಾ, ನಿಮ್ಮಜ್ಜಿಯ ಅಜ್ಜಿಗಿಂತ ಹಳೇದು. ಬೇಕು ಬೇಕು ಅಂತ ಬಯಸಿದಾಕಿ ಅಂದಂಗ," ಎಂದಿರಿ. ಆ ಹೆಸರಿನಲ್ಲೇ ಓದಿದೆ, ನರ್ಸ್ ಆದೆ, ಮದುವೆಯಾದೆ.

ಆಯಿ ಗುಗ್ಗರಿಯ ಪಾತ್ರೆಯನ್ನು ಕೆಳಗಿಟ್ಟಳು. "ಅಕ್ಕಾರ, ಆ ಹೆಸರು ಇಟ್ಟಾಕಿ ನಾನು, ತಪ್ಪು ನಂದು. ಇನ್ನೊಮ್ಮೆ ಅದನ್ನ ನಾಲಿಗಿ ಮ್ಯಾಲ ತರಬ್ಯಾಡ್ರಿ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಅಕ್ಷರ ಕೂಡಿಸಿ ಓದುವವಳಂತೆ, "ಈ... ಪ್ಸಿ... ತಾ, ಕೂಸಿನ್ನ ಎತ್ಕೊ," ಎಂದಳು.

ನಾನು ಶಾಲೆ ಬಿಡುವ ದಿನ ನೀವು ಕೇಳಿದ್ದಿರಿ, "ಮನ್ಯಾಗ ಆಯಿ ಹೊಸ ಹೆಸರಲೇ ಕರೀತಾಳೇನ?" ಹೌದು ಎಂದೆ. ನಿಮ್ಮ ಕಣ್ಣು ತುಂಬಿತು. ಹೇಳಿದ್ದು ಸುಳ್ಳೆಂದು ಒಪ್ಪಿಕೊಳ್ಳುವ ಧೈರ್ಯ ಆಗಲೂ ಬರಲಿಲ್ಲ, ಆಮೇಲೂ ಬರಲಿಲ್ಲ. ಅದಕ್ಕೇ ನಿಮ್ಮನ್ನು ಕಾಣಲು ಒಮ್ಮೆಯೂ ಬರಲಿಲ್ಲ.

ನಿನ್ನೆ ಆ ಸುಳ್ಳು ನಿಜವಾಯಿತು, ಕುಮುದಿನಿಬಾಯಿ.

ನಿಮ್ಮ
ಈಪ್ಸಿತಾ