ಹೊಗೆ ಇಲ್ಲ, ಜನ ಇಲ್ಲ

ಕಲ್ಲದಂಡಿ, ತಾಲೂಕು ಸುರಪುರ
ಭಾದ್ರಪದದ ಮೊದಲ ಸೋಮವಾರ, ೧೯೫೭

ಯಾದಗಿರಿಯಲ್ಲಿರುವ ನಮ್ಮ ಮನೆಯವರಿಗೆ ಬಸ್ಸಮ್ಮ ಮಾಡುವ ನಮಸ್ಕಾರ.

ನಿಮ್ಮ ಆರೋಗ್ಯ ಹೇಗಿದೆ? ಕಿವಿಗೆ ವೈರ್‌ಲೆಸ್ಸಿನ ಬಟ್ಟಲು ಹಾಕಿಕೊಂಡು ಕೂತರೆ ಸಂಜೆಯ ಹೊತ್ತಿಗೆ ತಲೆ ಸಿಡಿಯುತ್ತದೆ ಎಂದು ಹೋದ ಪತ್ರದಲ್ಲಿ ಬರೆದಿದ್ದಿರಿ. ನೆತ್ತಿಗೆ ಹರಳೆಣ್ಣೆ ಒತ್ತಿಕೊಳ್ಳಿ, ಖಾನಾವಳಿಯ ಮಿರ್ಚಿಭಜಿ ಬಿಡಿ. ಹೆಂಡತಿಯಾದವಳು ಕೇಳಬೇಕಾದ್ದನ್ನು ಕೇಳಿದ್ದೇನೆ. ಇಲ್ಲಿ ಅತ್ತೆಯವರು ಎದ್ದು ಓಡಾಡುತ್ತಾರೆ, ಊಟ ಮಾತ್ರ ಅರ್ಧಕ್ಕೇ ಬಿಡುತ್ತಾರೆ. ನಿಮ್ಮ ತಂಗಿ ಸುಗಲಮ್ಮ, ಅವಳ ಗಂಡ ಭಾಗಣ್ಣ ಈಗ ನಮ್ಮ ಮನೆಯಲ್ಲೇ ಇದ್ದಾರೆ. ಅವಳ ಹೊಟ್ಟೆಯೊಳಗಿನ ಕೂಸು ಆಡುತ್ತಿದೆಯಂತೆ, ಅದೊಂದೇ ಈ ಮನೆಯಲ್ಲಿ ಒಳ್ಳೆಯ ಸುದ್ದಿ. ನಿಮ್ಮ ಸೋದರತ್ತೆ ತಿಮ್ಮವ್ವ ತೀರಿಹೋದ ತಾರು ನಿಮಗೆ ಮುಟ್ಟಿದೆ. ಬಂದೋಬಸ್ತಿನ ಕೆಲಸ, ರಜೆ ಇಲ್ಲ ಎಂದು ನಿಮ್ಮ ಉತ್ತರವೂ ನಮಗೆ ಮುಟ್ಟಿದೆ. ಆದರೆ ಅವಳು ಹೇಗೆ ಹೋದಳು ಎನ್ನುವುದು ತಾರಿನಲ್ಲಿ ಹಿಡಿಸುವ ಮಾತಲ್ಲ. ಅದಕ್ಕೇ ಈ ಪತ್ರ. ಸರಕಾರಿ ಕ್ವಾರ್ಟರ್ಸ್ ಸಿಕ್ಕಿದೆ, ಅಡಿಗೆಮನೆಯಲ್ಲಿ ಹೊಗೆಗಂಡಿ ಇರುವ ಒಲೆ ಇದೆ, ಕಣ್ಣು ಉರಿಯುವುದಿಲ್ಲ, ಬೇಗ ಹೊರಟು ಬಾ ಎಂದೂ ಬರೆದಿದ್ದೀರಿ. ಅದಕ್ಕೆ ಉತ್ತರ ಆಮೇಲೆ.

ಹೊಳೆ ಏರುತ್ತಿದೆ ಎಂದು ಶಾಲೆಗೆ ರಜೆ ಕೊಟ್ಟ ದಿನವೇ ಪೊಲೀಸರ ಲಾರಿ ಬಂತು. ನಾನು ಕಲಿಸುವ ಎರಡನೆಯ ಇಯತ್ತೆಯ ಖೋಲಿಯಲ್ಲೇ ವೈರ್‌ಲೆಸ್ ಸೆಟ್ಟು ಇಟ್ಟರು. ಮಕ್ಕಳು ಕೂರುವ ಮಣೆಗಳನ್ನೆಲ್ಲ ಮಳೆಗೆ ಎಸೆದರು, ತಂತಿಯನ್ನು ಬೇವಿನ ಮರಕ್ಕೆ ಕಟ್ಟಿದರು. ಸೆಟ್ಟು ನಡೆಸಲು ಬಂದವನು ಮೈನುದ್ದೀನ, ಶಹಾಪುರದ ಕಡೆಯ ಹುಡುಗ, ನಿಮ್ಮನ್ನು ಬಲ್ಲವನು. "ಸಾಬಣ್ಣ ಭಾಯಿ ಮನಿಯವ್ರೇನ್ರಿ ನೀವು? ಬರ್ರಿ ಅಕ್ಕೋರ, ಪಡಸಾಲ್ಯಾಗ ಕುಂತು ಕೇಳ್ರಿ, ಅವರ ಆವಾಜೇ ಬರ್ತದ" ಎಂದು ಅವನೇ ಕರೆದ. ನಾನು ಅತ್ತೆಯವರನ್ನು ಕರೆದುಕೊಂಡು ಹೋದೆ. ಯಾದಗಿರಿಯಿಂದ ನಿಮ್ಮ ದನಿ ಆ ಡಬ್ಬಿಯಲ್ಲಿ ಬಂದಾಗ ಅತ್ತೆಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟರು. "ನನ ಮಗನೇ ಮಾತಾಡಾಕತ್ತಾನವ್ವ. ನೆಗಡಿ ಆಗೇದ ನೋಡು ಅವಗ" ಎಂದರು. ಮಾತೆಲ್ಲ ಉರ್ದುವಿನಲ್ಲಿ. ಅವರಿಗೆ ಒಂದಕ್ಷರ ತಿಳಿಯಲಿಲ್ಲ, ದನಿಯೊಂದೇ ಸಾಕಾಗಿತ್ತು. ನಿಜಾಮನ ಕಾಲದ ಶಾಲೆಯಲ್ಲಿ ಕಲಿತ ನನಗೆ ಎಲ್ಲ ತಿಳಿಯಿತು. ತಿಳಿಯದಿದ್ದರೇ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ.

ನೆರೆಯ ಸುದ್ದಿ ಕೇಳೋಣವೆಂದು ಕೂತರೆ ಆ ಡಬ್ಬಿಯಲ್ಲಿ ಬಂದದ್ದೇನು! ಮೇಲಿನಿಂದ ಯಾರೋ ದೊಡ್ಡವರು ಪ್ರವಾಹ ನೋಡಲು ಬರುತ್ತಾರಂತೆ. ಅವರಿಗೆ ಮೋಸಂಬಿ ಎಲ್ಲಿ ಸಿಗುತ್ತದೆ, ಬಿಳಿ ಮೇಜುಬಟ್ಟೆ ಶಹಾಪುರದಲ್ಲಿ ಇದೆಯೋ ಇಲ್ಲವೋ, ಹೂವಿನ ಹಾರ ಒಣಗದ ಹಾಗೆ ಹೇಗೆ ತರುವುದು. ನಡುನಡುವೆ ಯಾವುದೋ ಊರಲ್ಲಿ ಗೋಡೆ ಬಿದ್ದು ಯಾರೋ ಸತ್ತ ಸುದ್ದಿ ಬಂದರೆ "ರುಕೋ, ಮೊದಲು ಟೂರಿನದು ತಗೋ" ಎಂದು ಅದನ್ನು ಬದಿಗೆ ತಳ್ಳುತ್ತಿದ್ದಿರಿ. ನೀವೇ, ಬೇರೆ ಯಾರೂ ಅಲ್ಲ. ಹೊರಗೆ ಪಡಸಾಲೆಯಲ್ಲಿ ಮನೆ ಕಳೆದುಕೊಂಡವರು ಒದ್ದೆ ಕೌದಿ ಹೊದ್ದು ಕೂತಿದ್ದರು. ನಮ್ಮ ಮಗ ಮಾತಾಡುತ್ತಾನೆ ಎಂದು ಅತ್ತೆಯವರು ಅವರಿಗೆಲ್ಲ ಹೇಳಿಕೊಂಡು ಹಿಗ್ಗುತ್ತಿದ್ದರು. ನನಗೆ ಹೇಸಿಗೆಯಾಗಿ ಮುಖ ಆ ಕಡೆ ತಿರುಗಿಸಿದೆ.

ನಿಮಗೆ ನೆನಪಿದೆಯೋ ಇಲ್ಲವೋ. ನಮ್ಮ ಮದುವೆಯಾದ ವರ್ಷ ತಿಮ್ಮವ್ವತ್ತೆ ನಮ್ಮನ್ನು ಹೊಳೆಯ ನಡುವಿನ ಜಾಲಿಗಡ್ಡಿಗೆ ಊಟಕ್ಕೆ ಕರೆದಿದ್ದಳು. ನಾವು ಹೋದ ಮರುದಿನವೇ ನೀರು ಏರಿ ಅವಳ ಮನೆಯ ಹೊಸ್ತಿಲಿಗೆ ಬಂತು. ನೀವು ಬೀಡಿ ಹಚ್ಚಲು ಕಡ್ಡಿ ಗೀಚಿದಿರಿ. ತಿಮ್ಮವ್ವ ನಿಮ್ಮ ಕೈಮೇಲೆ ಪಟ್ಟೆಂದು ಹೊಡೆದಳು. "ಗಂಗವ್ವ ಬಾಗಿಲಿಗಿ ಬಂದು ನಿಂತಾಳ, ಬೆಂಕಿ ತೋರಸ್ತೀಯೇನೋ ಮೂಳ? ಆಕಿ ಇಳದು ಹೋಗೋತನ ಒಲಿ ಇಲ್ಲ, ದೀಪ ಇಲ್ಲ" ಎಂದಳು. ಆಮೇಲೆ ಹಸಿರು ಕುಬಸದ ಕಣ, ಅರಿಷಿಣ ಕುಂಕುಮ ನೀರಿಗೆ ಬಿಟ್ಟು, ಕಟಕ ರೊಟ್ಟಿ, ಶೇಂಗಾ ಹಿಂಡಿ ನಮ್ಮ ಮುಂದೆ ಇಟ್ಟಳು. ನಾನು ಕೆಂಭಾವಿಯವಳು, ಹೊಳೆಯ ಮಂದಿಯ ರೀತಿ ನನಗೇನು ಗೊತ್ತು? "ನಾವು ಸಣ್ಣವರಿದ್ದಾಗಿನಿಂದ ಹಿಂಗೇ. ಶ್ರಾವಣ ಬಂತಂದ್ರ ರೊಟ್ಟಿ ಒಣಗಿಸಿ ಇಟ್ಟೇ ಇರ್ತಾರ" ಎಂದು ನಗುನಗುತ್ತ ನನಗೆ ತಿಳಿಸಿ ಹೇಳಿದವರು ನೀವು. ಆ ರೊಟ್ಟಿ ಮುರಿಯಲು ಹೋಗಿ ನನ್ನ ಹಲ್ಲು ಅಲ್ಲಾಡಿದ್ದಕ್ಕೆ ಎಷ್ಟು ದಿನ ಕಾಡಿಸಿದಿರಿ!

ಈ ಸಲವೂ ಗಂಗವ್ವ ಜಾಲಿಗಡ್ಡಿಯ ಹೊಸ್ತಿಲಿಗೆ ಬಂದಳು. ತಿಮ್ಮವ್ವತ್ತೆ, ಅವಳ ಮಗ ಭಾಗಣ್ಣ, ಅವಳಿಗೆ ಸೊಸೆಯಾಗಿ ಹೋದ ನಿಮ್ಮ ಸುಗಲಮ್ಮ ಸೇರಿ ಅಲ್ಲಿಯ ನಾಲ್ಕಾರು ಮನೆಯವರು ಒಲೆ ಆರಿಸಿ, ಗಡ್ಡಿಯ ಹಿಂಬದಿಯ ಎತ್ತರದಲ್ಲಿರುವ ಹಣಮಂದೇವರ ಗುಡಿಗೆ ಹೋದರು. ಜಾಲಿಮರಗಳ ಮರೆಗೆ ಆ ಗುಡಿ ಈ ದಂಡೆಗೆ ಕಾಣುವುದಿಲ್ಲ. ಇಲ್ಲಿಗೆ ಬಂದಿದ್ದ ಅಧಿಕಾರಿ, ರಾಜ್ಯ ಒಂದಾದ ಮೇಲೆ ಮೈಸೂರಿನ ಕಡೆಯಿಂದ ವರ್ಗವಾಗಿ ಬಂದ ಮನುಷ್ಯ, ಕೊಡೆ ಹಿಡಿಸಿಕೊಂಡು ದುರ್ಬೀನಿನಲ್ಲಿ ನೋಡಿದ. ಯಾವ ಮನೆಯ ಮೇಲೂ ಹೊಗೆ ಕಾಣಲಿಲ್ಲ. ಎಲ್ಲರೂ ಖಾಲಿ ಮಾಡಿಕೊಂಡು ಹೋಗಿದ್ದಾರೆ ಎಂದುಬಿಟ್ಟ. ನಿಮ್ಮ ಚಿಕ್ಕಪ್ಪನ ಮಗ ದೇವಿಂದ್ರ ಅಲ್ಲೇ ಇದ್ದ. "ಮಂದಿ ಅದಾರ್ರಿ ಸಾಹೇಬ್ರ, ನೀರು ಬಂದಾಗ ನಾವು ಒಲಿ ಹಚ್ಚಂಗಿಲ್ರಿ" ಎಂದು ಕೈಮುಗಿದು ಹೇಳಿದ. ಆ ಮನುಷ್ಯ ನಕ್ಕ. "ಈ ಚಳಿಯಲ್ಲಿ ಒಲೆ ಹಚ್ಚದೆ ಯಾರಪ್ಪ ಕೂರ್ತಾರೆ?" ಎಂದು ಚೀಟಿ ಬರೆದು ಮೈನುದ್ದೀನನ ಕೈಗೆ ಕೊಟ್ಟ. ಹೋದ ನವಂಬರದಲ್ಲಿ ಇದೇ ಶಾಲೆಯ ಅಂಗಳದಲ್ಲಿ ನಿಂತು, ನಾವೆಲ್ಲ ಒಂದೇ ತಾಯಿಯ ಮಕ್ಕಳು ಎಂದು ಭಾಷಣ ಮಾಡಿದವನೂ ಅವನೇ. ಆದರೂ ಅವನನ್ನು ನಾನು ಅಷ್ಟು ಬೈಯುವುದಿಲ್ಲ. ಅವನು ಈ ಹೊಳೆಯ ನೀರು ಕುಡಿದು ಬೆಳೆದವನಲ್ಲ.

ಮೈನುದ್ದೀನ ಚೀಟಿಯನ್ನು ಉರ್ದುವಿಗೆ ಮಾಡಿ ನಿಮಗೆ ಓದಿದ. ನೀವು ಕಾಯ್ದೆಯ ಪ್ರಕಾರ ತಿರುಗಿ ಓದಿದಿರಿ: "ಜಾಲಿಗಡ್ಡಿ. ಧುಂವಾ ನಹೀ, ಆದಮಿ ನಹೀ. ದೋಣಿ ಬೇಡ." ಹೊಗೆ ಇಲ್ಲ, ಜನ ಇಲ್ಲ. ಒಂದು ಚೂರು ತಡೆಯಲಿಲ್ಲ ನಿಮ್ಮ ದನಿ. ಮೋಸಂಬಿಯ ಮಾತಿಗೂ ಇದಕ್ಕೂ ವ್ಯತ್ಯಾಸವೇ ಇರಲಿಲ್ಲ. ಗಡ್ಡಿಯಲ್ಲಿ ಬಸುರಿ ಮಗಳು, ಮುದುಕಿ ನಾದಿನಿ ಇದ್ದರೂ ಪಕ್ಕದಲ್ಲಿ ಅತ್ತೆಯವರು, ಉರ್ದು ತಿಳಿಯದೆ, ತಮ್ಮ ಮಗನ ದನಿ ಕೇಳುತ್ತ ಸಮಾಧಾನವಾಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ನನಗೆ ಕೂರಲಾಗಲಿಲ್ಲ. ಒಳಗೆ ಹೋಗಿ ಮೈನುದ್ದೀನನಿಗೆ ಒಲೆಯ ರೀತಿ ಹೇಳಿದೆ. "ಸಹಿ ಇಲ್ದ ಒಂದು ಮಾತೂ ಆ ಕಡಿ ಹೋಗಬಾರ್ದು ಅಕ್ಕೋರ, ನೌಕರಿ ಹೋಗ್ತದ" ಎಂದ. ಆದರೂ ಅಧಿಕಾರಿ ಊಟಕ್ಕೆ ಹೋದ ಸಂದಿನಲ್ಲಿ ಆ ಹುಡುಗ ನೌಕರಿಯ ಆಸೆ ಬಿಟ್ಟು ನಿಮ್ಮನ್ನು ಕರೆದ. "ಸಾಬಣ್ಣ ಭಾಯಿ, ನಿಮ್ಮ ಮನಿಯವ್ರು ಇಲ್ಲೇ ನಿಂತಾರ. ಗಡ್ಡಿ ಮ್ಯಾಲ ಮಂದಿ ಅದಾರಂತ. ನಿಮ್ಮ ತಂಗಿ ಅದಾಳಂತ. ನೀರು ಬಂದ್ರ ಒಲಿ ಹಚ್ಚಂಗಿಲ್ಲ ಅನ್ನೂದು ನಿಮಗ ಗೊತ್ತದಂತ" ಎಂದು ಕನ್ನಡದಲ್ಲೇ ಹೇಳಿದ. ಆಮೇಲೆ ನಿಮ್ಮ ದನಿ ಬಂತು, ಉರ್ದುವಿನಲ್ಲಿ. ಅದು ಯಾರ ಸಹಿಯ ಸಂದೇಶ ಎಂದು ಕೇಳಿದಿರಿ. ಸಹಿ ಇಲ್ಲ ಎಂದ. ಸಹಿ ಇಲ್ಲದ್ದನ್ನು ತಗೊಳ್ಳಲು ಬರುವುದಿಲ್ಲ, ಲೈನು ಖಾಲಿ ಮಾಡು, ಟೂರಿನ ಸಂದೇಶ ಕಾಯುತ್ತಿದೆ, ಓವರ್ ಎಂದಿರಿ. ನಿಮ್ಮ ಹಿಂದೆ ಸಾಹೇಬರು ಯಾರಾದರೂ ನಿಂತಿದ್ದರೋ ಏನೋ. ನಿಂತಿದ್ದರು ಎಂದು ನನ್ನಷ್ಟಕ್ಕೆ ನಾನೇ ಹೇಳಿಕೊಂಡು ನೋಡಿದೆ. ಆದರೂ ಅಸಹ್ಯ ಕಡಿಮೆಯಾಗಲಿಲ್ಲ. ಮೈನುದ್ದೀನ ಕೈಯಲ್ಲಿದ್ದ ಮೈಕನ್ನು ಮೇಜಿನ ಮೇಲೆ ಇಟ್ಟ, ನನ್ನ ಮುಖ ನೋಡಲಿಲ್ಲ. ಆ ಹೊತ್ತಿನಲ್ಲಿ ನನಗಾದ ನಾಚಿಕೆ ನಮ್ಮ ವೈರಿಗೂ ಬೇಡ.

ಕಲ್ಲದಂಡಿಗೆಂದು ಹೊರಟಿದ್ದ ಮೋಟಾರು ದೋಣಿಯ ಲಾರಿ ದೋರನಹಳ್ಳಿಯಲ್ಲಿತ್ತು. ನಿಮ್ಮ ಸಂದೇಶ ಸಿಕ್ಕಿದ್ದೇ ತಡ, ಇಲ್ಲಿ ಕೆಲಸವಿಲ್ಲ ಎಂದು ಅದನ್ನು ಭೀಮೆಯ ದಂಡೆಗೆ ತಿರುಗಿಸಿದರು. ದೊಡ್ಡವರು ದೋಣಿಯಲ್ಲಿ ಕೂತು ಪ್ರವಾಹ ನೋಡಬೇಕಲ್ಲ! ನಮ್ಮವರ ಹರಗೋಲುಗಳಿಗೆ ಮೊದಲೇ ಸರಪಳಿ ಹಾಕಿ ಬೀಗ ಜಡಿದಿದ್ದರು, ಖಾಸಗಿಯವರು ನೀರಿಗೆ ಇಳಿಯಬಾರದು ಎಂದು. ದೇವಿಂದ್ರ ಅಧಿಕಾರಿಯ ಕಾಲು ಹಿಡಿದ. ಬೀಗದ ಕೈ ಸುರಪುರದಲ್ಲಿದೆ ಎಂದರು. ಬೆಳಕು ಹರಿಯುವ ಮುಂಚೆ ದೇವಿಂದ್ರ ಕಲ್ಲಿನಿಂದ ಬೀಗ ಒಡೆದು, ಬಿದ್ದರೆ ತೇಲಲೆಂದು ಸೋರೆಬುರುಡೆ ಸೊಂಟಕ್ಕೆ ಕಟ್ಟಿಕೊಂಡು, ಒಬ್ಬನೇ ಹರಗೋಲು ತಳ್ಳಿದ.

ಅವನು ಹೋಗಿ ಕಂಡದ್ದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ನೀವು ಓದಲೇಬೇಕು. ಮಂದಿಯೆಲ್ಲ ಗುಡಿಯ ಮಾಳಿಗೆ ಹತ್ತಿದ್ದರು. ತಿಮ್ಮವ್ವನ ಮಂಡಿ ಮಡಿಚುತ್ತಿರಲಿಲ್ಲ, ಹತ್ತಿಸಲು ಆಗಲಿಲ್ಲ. ನೀರು ಸೆಳೆದುಕೊಂಡು ಹೋಗಬಾರದೆಂದು ಭಾಗಣ್ಣ ತನ್ನ ತಾಯಿಯನ್ನು ಗುಡಿಯ ಕಂಬಕ್ಕೆ ಅವಳದೇ ಸೀರೆಯಿಂದ ಕಟ್ಟಿ, ತಾನೂ ಕಂಬ ತಬ್ಬಿಕೊಂಡು ಕೆಳಗೇ ನಿಂತಿದ್ದ. ನೀರು ಎದೆಗೆ ಬಂತು, ಅಲ್ಲಿಂದ ಮೇಲೆ ಏರಲಿಲ್ಲ. ಚಳಿಗೆ ಮುದುಕಿಯ ಜೀವ ತಡೆಯಲಿಲ್ಲ. ದೇವಿಂದ್ರ ಹೋದಾಗ ಅವಳು ತಣ್ಣಗಾಗಿದ್ದಳು, ಭಾಗಣ್ಣ ಇನ್ನೂ ಅವಳ ಅಂಗೈ ತಿಕ್ಕುತ್ತಲೇ ಇದ್ದ. ನೆನೆದ ಗಂಟು ಬಿಚ್ಚಲು ಬರದೆ ಸೀರೆಯನ್ನು ಕೊಯ್ಯಬೇಕಾಯಿತು. ನಿಮ್ಮನ್ನು ತೊಡೆಯ ಮೇಲೆ ಹಾಕಿಕೊಂಡು ಬೆಳೆಸಿದ ಹೆಂಗಸು ಅವಳು.

ಅವರನ್ನೆಲ್ಲ ದಂಡೆಗೆ ತರುವ ಹೊತ್ತಿಗೆ ಅಧಿಕಾರಿ ಗಡ್ಡ ಕೆರೆಸಿಕೊಂಡು ಸಿದ್ಧನಾಗಿದ್ದ. ಮೊದಲು ಬೀಗ ಒಡೆದದ್ದಕ್ಕೆ ದೇವಿಂದ್ರನ ಹೆಸರು ಬರೆಸಿಕೊಂಡ. ಆಮೇಲೆ ಹೊಸ ಚೀಟಿ ಬರೆದ: ಪೊಲೀಸರು ಪ್ರಾಣದ ಹಂಗು ತೊರೆದು ಜಾಲಿಗಡ್ಡಿಯ ಜನರನ್ನು ಪಾರುಮಾಡಿದ್ದಾರೆ. ನಿನ್ನೆ ಜನರೇ ಇಲ್ಲದ ಗಡ್ಡಿಯಲ್ಲಿ ಇವತ್ತು ಜನ ಎಲ್ಲಿಂದ ಬಂದರು ಎಂದು ಕೇಳುವವರು ಯಾರೂ ಇರಲಿಲ್ಲ. ಈ ಸಲ ಸಹಿ ಇತ್ತಲ್ಲ! ನೀವು ಅಕ್ಷರ ತಪ್ಪದೆ ತಿರುಗಿ ಓದಿದಿರಿ, ಕೊನೆಗೆ "ಶಾಬಾಶ್ ಕಲ್ಲದಂಡಿ" ಎಂದಿರಿ. ತಿಮ್ಮವ್ವನ ಹೆಣ ಆಗ ಪಡಸಾಲೆಯಲ್ಲಿ ನನ್ನ ಕಾಲ ಬಳಿ ಇತ್ತು. ಅತ್ತೆಯವರು ಅಳುವುದನ್ನು ನಿಲ್ಲಿಸಿ ಡಬ್ಬಿಯ ಕಡೆ ನೋಡಿದರು. "ಸಾಬಾ, ನಿಮ್ಮತ್ತಿ ಹೋದಳಪ್ಪೋ" ಎಂದು ಅದಕ್ಕೇ ಹೇಳಿದರು.

ನೀರು ಇಳಿದಿದೆ. ಶಾಲೆ ನಾಳೆಯಿಂದ ಶುರು, ಖೋಲಿಯ ಕೆಸರು ಬಳಿಯಬೇಕು. ಮೈನುದ್ದೀನನನ್ನು ವಾಪಸು ಕರೆಸಿಕೊಂಡರು. ದೇವಿಂದ್ರ ವಾರಕ್ಕೊಮ್ಮೆ ಠಾಣೆಗೆ ಹೋಗಿ ಮುಖ ತೋರಿಸಿ ಬರಬೇಕು. ಹೊತ್ತಿಗೆ ಸರಿಯಾಗಿ ಉಣ್ಣಿ, ತೋಯ್ದ ಬಟ್ಟೆಯಲ್ಲಿ ಇರಬೇಡಿ. ನಿಮ್ಮ ತಾಯಿ ನಿಮಗೆ ಹರಸಿದ್ದಾರೆ, ನೆಗಡಿ ಕಡಿಮೆಯಾಯಿತೇ ಎಂದು ಕೇಳು ಎಂದರು, ಕೇಳಿದ್ದೇನೆ.

ಇಂತಿ,
ಬಸ್ಸಮ್ಮ

ತಾ.ಕ.: ಟಪಾಲಿನವನು ಬಂದು ನಿಂತಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಇದನ್ನು ಮೇಲೆ ಬರೆಯಲು ಆಗಲಿಲ್ಲ. ಗುಡಿಯ ಮಾಳಿಗೆಯಿಂದ ಸುಗಲಮ್ಮ ಕೆಳಗಿದ್ದ ಅತ್ತೆಗೆ ಕೂಗಿ ಕೂಗಿ ಒಂದೇ ಮಾತು ಹೇಳುತ್ತಿದ್ದಳಂತೆ: "ಅಂಜಬ್ಯಾಡ ಅತ್ತಿ, ಯಾದಗಿರ್ಯಾಗ ಅಣ್ಣ ಕುಂತಾನ. ಹೊಗಿ ಇಲ್ಲಂದ್ರೂ ಅವಗ ಗೊತ್ತಾಗ್ತದ. ದೋಣಿ ಕಳಸ್ತಾನ." ತಿಮ್ಮವ್ವ ದನಿ ಇರುವತನಕ "ಹೌದವ್ವ, ನಮ್ಮ ಸಾಬ ಅದಾನ" ಎನ್ನುತ್ತಿದ್ದಳಂತೆ. ಈಗ ಸುಗಲಮ್ಮ ದಿನಾ ನನ್ನನ್ನು ಕೇಳುತ್ತಾಳೆ, "ವೈನಿ, ಅಣ್ಣಗ ಸುದ್ದಿ ಮುಟ್ಟಲೇ ಇಲ್ಲ ಕಾಣಸ್ತದ, ಅಲ್ಲ?" ನಾನು ಹೌದು ಎಂದಿಲ್ಲ, ಇಲ್ಲ ಎಂದೂ ಇಲ್ಲ. ಅದನ್ನು ಹೇಳಬೇಕಾದವಳು ನಾನಲ್ಲ. ರಜೆ ಕೊಡಲಿ ಬಿಡಲಿ, ನೀವು ಬನ್ನಿ. ಅವಳ ಎದುರಿಗೆ ಕೂತು, ಸಂದೇಶ ತಿರುಗಿ ಓದಿದ ಆ ಬಾಯಿಂದಲೇ ಹೇಳಿ. ಅಲ್ಲಿಯವರೆಗೆ ನಾನು ಯಾದಗಿರಿಗೆ ಬರುವುದಿಲ್ಲ. ನಿಮ್ಮ ಕ್ವಾರ್ಟರ್ಸಿನ ಒಲೆಯಿಂದ ಹೊಗೆ ಏಳುವುದಿಲ್ಲ. ಒಳಗೆ ಮನುಷ್ಯ ಇದ್ದಾನೋ ಇಲ್ಲವೋ, ನೋಡಿದವರು ಏನು ಬೇಕಾದರೂ ಬರೆದುಕೊಳ್ಳಲಿ.